ಒಂಬತ್ತು ಗೆರೆ, ಹನ್ನೆರಡು ಸೇರು

ಓಬಣ್ಣ ಅಂಡ್ ಸನ್
ಸೌಂಡ್ ಬಾಕ್ಸ್ ತಯಾರಕರು, ಹೊಸದುರ್ಗ
9 ಜೂನ್ 2025

ದೇವಿಕಾ,

ನೀನು ಬಸ್ಸಿಗೆ ಹಾಕಿದ ಲ್ಯಾಪ್‌ಟಾಪು ಬಂತು. ಕಾಗದದಲ್ಲಿ ಮೊದಲು ಆರೋಗ್ಯ ವಿಚಾರಿಸಿ, ಮಳೆ ಬಂತಾ ಅಂತ ಕೇಳಿ, ಆಮೇಲೆ ವಿಷಯಕ್ಕೆ ಬರಬೇಕಂತೆ. ನನಗೆ ಅಷ್ಟು ತಾಳ್ಮೆ ಇಲ್ಲ. ಸಿಟ್ಟು ಬಂದಿದೆ, ಅದನ್ನೇ ಬರೆಯುತ್ತೇನೆ.

ಮೊನ್ನೆ ನಾಗರಾಜ್ ಮೇಷ್ಟ್ರ ಎದುರಿಗೆ ನೀನು ಏನಂದೆ? "ಅಣ್ಣ, ಇದನ್ನ ಬರೀ ಕಿವಿ ಮೇಲೆ ಬಿಡಬೇಡ, ಸಾಫ್ಟ್‌ವೇರ್‌ನಾಗೆ ಡಿಸೈನ್ ಮಾಡಾಣ." ಗಿರಾಕಿಯ ಮುಂದೆ ಆಡುವ ಮಾತೇ ಅದು? ರಿಟೈರಾದ ಆ ಮೇಷ್ಟ್ರು ಹೊಳಲ್ಕೆರೆಯಿಂದ ನಮ್ಮ ಅಂಗಡಿ ಹುಡುಕಿಕೊಂಡು ಬಂದದ್ದು ಅಪ್ಪನ ಹೆಸರು ಕೇಳಿ. ಇಪ್ಪತ್ತನಾಲ್ಕು ಶಾಲೆ, ಶಾಲೆಗೊಂದು ಪೆಟ್ಟಿಗೆ. ಕರಿಹಲಗೆಯ ಮೇಲೆ ಗೋಡೆಯ ಮೂಲೆಯಲ್ಲಿ ಕೂರುವಷ್ಟು ಚಿಕ್ಕದಿರಬೇಕು, ಆದರೆ ಕಡೆಯ ಬೆಂಚಿನ ಮಗುವಿಗೂ ರೇಡಿಯೋ ಪಾಠ, ಹಾಡು, ಡೊಳ್ಳು ಎಲ್ಲ ತುಂಬಿದ ಸದ್ದಿನಲ್ಲಿ ಕೇಳಿಸಬೇಕು. ಇದನ್ನು ನನ್ನನ್ನು ನಂಬಿ ಹೇಳಿದವರ ಮುಂದೆ ನೀನು ನನ್ನ ಕಿವಿಯನ್ನು ತೆಗೆದು ಮೇಜಿನ ಮೇಲಿಟ್ಟೆ.

ಅಪ್ಪ ನಲವತ್ತು ವರ್ಷ ಪೆಟ್ಟಿಗೆ ಮಾಡಿದ. ಯಾವ ಸಾಫ್ಟ್‌ವೇರ್ ಇತ್ತು? ಬೇಸಿನ ಗುಡುಗು ಹೊರಗೆ ಬರುವ ಪೈಪನ್ನು ಪೆಟ್ಟಿಗೆಗೆ ಕೂರಿಸಿ, ಒಂದು ಹಾಡು ಹಾಕಿ, ಪೈಪಿನ ಬಾಯಿಗೆ ಕಿವಿ ಕೊಟ್ಟು ಕೇಳುವುದು, ಬೇಸ್ ಸಾಲದಿದ್ದರೆ ಪೈಪನ್ನು ಬೆರಳಷ್ಟು ಕತ್ತರಿಸುವುದು, ಮತ್ತೆ ಕೇಳುವುದು. ಹಿರಿಯೂರಿನ ಮೈಕ್ ಸೆಟ್‌ನವರು ಮೂರು ಬಸ್ ಬದಲಾಯಿಸಿ ಬಂದು ತಗೊಂಡು ಹೋಗುತ್ತಿದ್ದರು. ಮೇ ತಿಂಗಳಲ್ಲಿ ನಾನು ಮಾಡಿದ ಸ್ಯಾಂಪಲ್ ಪೆಟ್ಟಿಗೆ ಮೇಷ್ಟ್ರಿಗೆ ಹಿಡಿಸಲಿಲ್ಲ, ಒಪ್ಪಿದೆ. ಮರ ಹಸಿ ಇತ್ತು.

ನೀನು ಹೇಳಿದ ಮೇಲೆ ಮೇಷ್ಟ್ರು ಅದನ್ನೇ ಹಿಡಿದುಕೊಂಡಿದ್ದಾರೆ. "ಹಂಗೇ ಮಾಡಿ ಕನಕರಾಜ್" ಅಂತ ಹೇಳಿ ಹೋದರು. ಆದ್ದರಿಂದ ಮಾಡುತ್ತೇನೆ. ಯಾಕೆಂದರೆ ಎರಡು ವರ್ಷದಿಂದ ಅಂಗಡಿಯಲ್ಲಿ ರಿಪೇರಿ ಬಿಟ್ಟರೆ ಒಂದು ಹೊಸ ಪೆಟ್ಟಿಗೆ ಆಗಿಲ್ಲ, ಎಲ್ಲರಿಗೂ ಪ್ಲಾಸ್ಟಿಕ್ ಡಬ್ಬವೇ ಸಾಕಾಗಿದೆ. ಇದು ನೆಟ್ಟಗಾದರೆ ಅಪ್ಪನ ಬೋರ್ಡು ಉಳಿಯುತ್ತದೆ. ಕೆಟ್ಟರೆ ಬೋರ್ಡು ಇಳಿಸಿ ಮೋಹನ್‌ಕುಮಾರನ ಪ್ಲೈವುಡ್ ಅಂಗಡಿಯಲ್ಲಿ ಹಲಗೆ ಕೊಯ್ಯಲು ನಿಲ್ಲುತ್ತೇನೆ. ಅವನು ಆಗಲೇ ಕರೆದಿದ್ದಾನೆ.

ಯಾವ ಸಾಫ್ಟ್‌ವೇರ್, ಹೇಗೆ, ಬರೆದು ಕಳಿಸು. ಫೋನ್ ಮಾಡಬೇಡ. ಫೋನಿನಲ್ಲಿ ನೀನು ಗಡಗಡ ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ, ಆಮೇಲೆ "ಅವತ್ತು ಒಪ್ಪಿಕೊಂಡಿದ್ದೆಯಲ್ಲ" ಅನ್ನುತ್ತೀಯ. ಬಸ್ಸಿನಲ್ಲಿ ಕಳಿಸು, ಸಂಜೆಗೆ ಸಿಗುತ್ತದೆ.

ನಿನ್ನ ಅಣ್ಣ,
ಕನಕರಾಜ್


ಚಿತ್ರದುರ್ಗ
14 ಜೂನ್ 2025

ಅಣ್ಣ,

ಸಿಟ್ಟು ಬರುವುದು ನಿನಗೊಬ್ಬನಿಗೇ ಅಂದುಕೊಂಡಿದ್ದೀಯ. ನಿನ್ನ ಕಾಗದದ ತಲೆಯ ಮೇಲಿರುವ ಅಕ್ಷರ ಇನ್ನೊಂದು ಸಲ ಓದು. ಓಬಣ್ಣ ಅಂಡ್ ಸನ್. ಏಳನೇ ಕ್ಲಾಸಿನಿಂದ ಆ ಅಂಗಡಿಯಲ್ಲಿ ಕಾಯಿಲ್ ಸುತ್ತಿದವಳು ಯಾರು? ಸುಟ್ಟ ಸ್ಪೀಕರಿಗೆ ಹೊಸ ಕೋನ್ ಅಂಟಿಸಿ, ಅಂಟಿನ ಕೈಯಲ್ಲೇ ಪರೀಕ್ಷೆ ಬರೆಯಲು ಹೋದವಳು ಯಾರು? ಡಿಪ್ಲೊಮಾ ಮುಗಿಸಿ ಬಂದ ದಿನ ಅಪ್ಪ "ಹೆಣ್ಣುಮಗಳು ಅಂಗಡ್ಯಾಗೆ ಕುಂತ್ರೆ ಗಿರಾಕಿ ಬೆಲೆ ಕೊಡಲ್ಲ" ಅಂದರು. ನೀನು ಪಕ್ಕದಲ್ಲೇ ನಿಂತು ಹಲಗೆ ಉಜ್ಜುತ್ತಿದ್ದೆ. ಉಜ್ಜುತ್ತಲೇ ಉಳಿದೆ. ಈಗ ಅದೇ ಹೆಣ್ಣುಮಗಳು ದುರ್ಗದಲ್ಲಿ ವರ್ಷಕ್ಕೆ ಅರವತ್ತು ಜನರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ, ಮನೆಯಲ್ಲಿ ಮಾತ್ರ ಅವಳು ಬಾಯಿ ಬಿಟ್ಟರೆ ಗಿರಾಕಿ ಮುಂದೆ ಮರ್ಯಾದೆ ಹೋಗುತ್ತದೆ.

ಇರಲಿ. ಕೇಳಿದ್ದಕ್ಕೆ ಉತ್ತರ. ನಿನ್ನ ಮುಂದೆ ಮೂರು ದಾರಿ ಇವೆ.

ಒಂದು ಮೊಬೈಲಿನ ಆ್ಯಪು. ಬಿಟ್ಟಿ ಸಿಗುತ್ತದೆ, ಉದ್ದ, ಅಗಲ, ಎತ್ತರ ಕೇಳುತ್ತದೆ, ಎರಡು ನಿಮಿಷದಲ್ಲಿ ಉತ್ತರ ಕೊಡುತ್ತದೆ. ಅದರ ಪ್ರಕಾರ ಲೋಕದ ಪೆಟ್ಟಿಗೆಗಳೆಲ್ಲ ಇಟ್ಟಿಗೆಯ ಆಕಾರ, ಸ್ಪೀಕರುಗಳೆಲ್ಲ ಒಂದೇ ತಾಯಿಯ ಮಕ್ಕಳು. ಇನ್ನೊಂದು ಮೋಹನ್‌ಕುಮಾರ್ ಹಲಗೆ ಕೊಯ್ಯುವ ಮೆಷಿನ್ ಜೊತೆ ತರಿಸಿದ್ದಾನಲ್ಲ, ವರ್ಷಾವರ್ಷ ದುಡ್ಡು ಕಟ್ಟುವುದು. ಅದರಲ್ಲಿ ಬಣ್ಣಬಣ್ಣದ ಚಿತ್ರ ಬರುತ್ತದೆ, ಯಾವ ಹಲಗೆ ಎಲ್ಲಿ ಕೊಯ್ಯಬೇಕು ಅಂತ ಪಟ್ಟಿಯೂ ಬರುತ್ತದೆ, ಆದರೆ ಅದರೊಳಗಿರುವ ಸ್ಪೀಕರುಗಳನ್ನೇ ಹಾಕಬೇಕು. ಕಡೆಯದು ನಾನು ಪಾಠಕ್ಕೆ ಬಳಸುವುದು, ಲ್ಯಾಪ್‌ಟಾಪಿನಲ್ಲಿ ಹಾಕಿ ಕಳಿಸಿದ್ದೇನೆ. ಬಿಟ್ಟಿ. ನೋಡಲು ಏನೇನೂ ಚೆಂದ ಇಲ್ಲ. ಅದು ಕೇಳುವ ಅಂಕಿಯನ್ನೆಲ್ಲ ನಾವೇ ಅಳೆದು ಕೊಡಬೇಕು. ಕೊಟ್ಟರೆ ಒಂದು ಗೆರೆ ಬರೆಯುತ್ತದೆ. ಗೆರೆ ಎಲ್ಲಿಯವರೆಗೆ ಮಟ್ಟಸ ಇದೆಯೋ ಅಲ್ಲಿಯವರೆಗೆ ಬೇಸ್ ಇದೆ, ಎಲ್ಲಿ ಬಾಗುತ್ತದೋ ಅಲ್ಲಿ ಮುಗಿಯಿತು. ಪೈಪಿನ ಉದ್ದವನ್ನೂ ಅದೇ ಹೇಳುತ್ತದೆ.

ನಾನು ಮೂರನೆಯದು ಅನ್ನುತ್ತೇನೆ. ನೀನು ಹಾಕುವ ಐದಿಂಚಿನ ಸ್ಪೀಕರು ಒಂದನ್ನು ಬಸ್ಸಿಗೆ ಹಾಕು, ಇಲ್ಲಿ ಬೆಂಚಿನ ಮೇಲೆ ಅದರ ಗುಣ ಅಳೆದು ನಾನೇ ತುಂಬುತ್ತೇನೆ. ನೀನು ಕೊಡಬೇಕಾದ್ದು ಒಂದೇ ಅಂಕಿ, ಪೆಟ್ಟಿಗೆಯ ಒಳಗೆ ಎಷ್ಟು ಲೀಟರ್ ಜಾಗ ಇದೆ ಅಂತ. ಆ ಒಂದು ಅಂಕಿ ತಪ್ಪಿದರೆ ಉಳಿದದ್ದೆಲ್ಲ ತಪ್ಪುತ್ತದೆ. ಪೆಟ್ಟಿಗೆಯ ನಕ್ಷೆ ಕಳಿಸು ಅಂತ ಕೇಳಬೇಕೆಂದಿದ್ದೆ, ನೀನು ಜನ್ಮದಲ್ಲಿ ನಕ್ಷೆ ಬರೆದವನಲ್ಲ.

ಅವ್ವನ ಮಂಡಿನೋವಿನ ಎಣ್ಣೆ ಈ ಪಾರ್ಸಲ್ಲಿನಲ್ಲಿದೆ. ಹಚ್ಚಿಕೊಳ್ಳಲು ಹೇಳು.

ದೇವಿಕಾ


ಹೊಸದುರ್ಗ
2 ಜುಲೈ 2025

ದೇವಿಕಾ,

ನೀನು ಹೇಳಿದಿ ಅಂತ ಮೂರನೆಯದನ್ನೇ ನೇರ ಹಿಡಿಯುವವನಲ್ಲ ನಾನು. ಮೂರನ್ನೂ ನೋಡಿದೆ.

ಮೊಬೈಲಿನ ಆ್ಯಪು ಪೆಟ್ಟಿಗೆಗಿಂತ ಉದ್ದದ ಪೈಪು ಹೇಳಿತು. ಪೈಪನ್ನು ಗೋಡೆ ಕೊರೆದು ಪಕ್ಕದ ಕ್ಲಾಸಿಗೆ ಬಿಡಲೇ? ಮೋಹನ್‌ಕುಮಾರನ ಅಂಗಡಿಗೆ ಹೋದೆ. ಚಿತ್ರ ಬಹಳ ಚೆಂದ ಬಂತು, ಪೆಟ್ಟಿಗೆಯನ್ನು ಹಿಡಿದು ಗಿರಗಿರ ತಿರುಗಿಸಿ ತೋರಿಸಿದ. ನಮ್ಮ ಸ್ಪೀಕರು ಪಟ್ಟಿಯಲ್ಲಿ ಇಲ್ಲ. "ಅದ್ರಂಗಿರೋದು ಯಾವ್ದಾದ್ರೂ ಒತ್ತು ಕನಕಣ್ಣ, ನಡೀತೈತೆ" ಅಂದ. ನನ್ನ ಕಾಲಿಗೆ ಚಪ್ಪಲಿ ಕೇಳಿದರೆ ಪಕ್ಕದವನ ಕಾಲು ಅಳೆದ ಹಾಗಾಯಿತು. ನಲವತ್ತು ವರ್ಷದ ಅಂಗಡಿ ಎದ್ದದ್ದು ಹೀಗೆ ನಡೆಸಿಕೊಂಡಲ್ಲ ಅಂತ ಹೇಳಿ ಎದ್ದು ಬಂದೆ. ಅಲ್ಲಿ ಕುಳಿತವರು ನಕ್ಕರು. ನಗಲಿ.

ಆದ್ದರಿಂದ ನಿನ್ನ ಬೋಳು ಸಾಫ್ಟ್‌ವೇರೇ ಆಯಿತು. ಹಿಗ್ಗಬೇಡ. ಅದು ಸುಳ್ಳು ಹೇಳುವುದಕ್ಕೆ ಮೊದಲು ನನ್ನನ್ನು ಕೇಳುತ್ತದಲ್ಲ, ಅಷ್ಟಕ್ಕೇ ಒಪ್ಪಿದ್ದೇನೆ.

ಲೀಟರಿನ ವಿಷಯ. ಮೂಲೆಗೆ ಕೂರಬೇಕಾದ್ದರಿಂದ ಪೆಟ್ಟಿಗೆ ಮೂರು ಮೂಲೆಯದು, ಬೆನ್ನಿನ ಚೂಪು ಮಾತ್ರ ಚಪ್ಪಟೆ, ಒಳಗೆ ಅಡ್ಡಪಟ್ಟಿ, ಮೂಲೆಗಳಿಗೆ ಮರದ ಗಟ್ಟೆ. ಟೇಪಿಗೆ ಸಿಗುವ ಆಕಾರವಲ್ಲ. ಅಪ್ಪ ಮಾಡುತ್ತಿದ್ದ ಹಾಗೆಯೇ ಮಾಡಿದೆ, ರಾಗಿ ತುಂಬಿ ಅಳೆದೆ. ನಮ್ಮ ಕಬ್ಬಿಣದ ಸೇರಿಗೆ ಒಂದು ಲೀಟರ್ ನೀರಿನ ಬಾಟಲಿ ಸುರಿದು ನೋಡಿದೆ, ಕಂಠಕ್ಕೆ ಸರಿಯಾಗಿ ಹಿಡಿಯಿತು. ಸೇರು ಅಂದರೆ ಲೀಟರು, ಲೆಕ್ಕ ಸುಲಭ. ಅವ್ವ ಒಳಗೆ ರಾಗಿ ಚೀಲದ ಹತ್ತಿರ ಕುಳಿತು, ಸೇರಿನ ತಲೆ ಸವರಿ ಸವರಿ, ಸ್ಪೀಕರಿನ ತೂತಿನಿಂದ ಪೆಟ್ಟಿಗೆಗೆ ಸುರಿದಳು. ನಾನು ಪಡಸಾಲೆಯಲ್ಲಿ ಪೈಪು ಉಜ್ಜುತ್ತ ಕುಳಿತಿದ್ದೆ. ಅವಳು ಒಂದೊಂದು ಸೇರಿಗೂ ಎಣಿಕೆ ಕೂಗುವುದು, ನಾನು ಹಲಗೆಯ ಮೇಲೆ ಒಂದೊಂದು ಗೆರೆ ಹಾಕುವುದು.

ಪೆಟ್ಟಿಗೆ ತುಂಬಿದಾಗ ನನ್ನ ಹಲಗೆಯ ಮೇಲೆ ಒಂಬತ್ತು ಗೆರೆ. ಅವ್ವ ಸೆರಗು ಕೊಡವುತ್ತ ಹೊರಗೆ ಬಂದು "ಹನ್ನೆರಡಾತು" ಅಂದಳು. ಒಂಬತ್ತು ಕಣವ್ವ ಅಂದರೆ ಕೇಳಲೊಲ್ಲಳು. ಎಪ್ಪತ್ತಾರು ವರ್ಷ ಆಯಿತು, ಎಣಿಕೆಯ ನಡುವೆ ಯಾವ ನೆನಪು ಬಂತೋ, ಎಲ್ಲಿಂದ ಎಲ್ಲಿಗೆ ಹಾರಿದಳೋ. ಹೇಳಿದರೆ ನನ್ನ ಮೇಲೇ ಮುಖ ಊದಿಸಿಕೊಂಡಿದ್ದಾಳೆ, ಎರಡು ದಿನದಿಂದ ಮಾತಿಲ್ಲ. ಗೆರೆಗೆ ವಯಸ್ಸಾಗುವುದಿಲ್ಲ. ಒಂಬತ್ತು ಹಾಕು.

ಕನಕರಾಜ್


ಚಿತ್ರದುರ್ಗ
6 ಜುಲೈ 2025

ಅಣ್ಣ,

ಒಂಬತ್ತು ಲೀಟರ್ ಹಾಕಿದೆ. ಗೆರೆ ಅರವತ್ತು ಹರ್ಟ್ಸ್‌ನಷ್ಟು ತಗ್ಗಿನ ಸದ್ದಿನವರೆಗೂ ಮಟ್ಟಸವಾಗಿ ಬಂದಿದೆ, ಅಂಥ ಚಿಕ್ಕ ಪೆಟ್ಟಿಗೆಗೆ ಅದು ಧಾರಾಳ. ಡೊಳ್ಳಿನ ಏಟಿಗೂ ಸಾಕು. ಪೈಪು ಐದು ಸೆಂಟಿಮೀಟರ್ ಬಾಯಿಯದು, ಉದ್ದ ಹದಿನಾಲ್ಕೂವರೆ. ಒಂದು ಕೂದಲೂ ಹೆಚ್ಚು ಕಡಿಮೆ ಬೇಡ.

ಅವ್ವನ ಮೇಲೆ ರೇಗಬೇಡ. ಆ ವಯಸ್ಸಿಗೆ ಎಣಿಕೆ ತಪ್ಪುವುದು ಸಹಜ. ಮೊದಲು ಒಂದೇ ಪೆಟ್ಟಿಗೆ ಮಾಡಿ, ಕೇಳಿ ನೋಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕು.

ದೇವಿಕಾ


ಹೊಸದುರ್ಗ
18 ಆಗಸ್ಟ್ 2025

ದೇವಿಕಾ ಅವರಿಗೆ,

ಇನ್ನು ಮೇಲೆ ಅವರಿಗೆ ಅಂತಲೇ ಬರೆಯುತ್ತೇನೆ. ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ಇಪ್ಪತ್ತನಾಲ್ಕು ಪೆಟ್ಟಿಗೆಯೂ ಹೋದ ವಾರ ಶಾಲೆಗಳ ಮೂಲೆ ಸೇರಿದ್ದವು. ಸ್ವಾತಂತ್ರ್ಯ ದಿನಕ್ಕೆ ಎಲ್ಲ ಕಡೆ ಅದರಲ್ಲೇ ಹಾಡು. ನಿನ್ನೆ ನಾಗರಾಜ್ ಮೇಷ್ಟ್ರು ಮಾಡದಕೆರೆಯ ಶಾಲೆಯ ಪೆಟ್ಟಿಗೆಯನ್ನು ಬೈಕಿಗೆ ಕಟ್ಟಿಕೊಂಡು ಬಂದು ಅಂಗಡಿಯ ಮೇಜಿನ ಮೇಲೆ ಇಟ್ಟರು. "ಕನಕರಾಜ್, ಇದ್ರಾಗೆ ದನಿ ಐತೆ, ಹೊಟ್ಟೆ ಇಲ್ಲ. ಮಕ್ಳು ಡೊಳ್ಳು ಬಾರಿಸಿದ್ದು ರಟ್ಟಿನ ಡಬ್ಬ ಬಡಿದಂಗೆ ಕೇಳ್ತು. ನಿಮ್ಮಪ್ಪನ ಪೆಟ್ಟಿಗೆ ಹಿಂಗಿರಲಿಲ್ಲ." ಇಪ್ಪತ್ತನಾಲ್ಕು ಶಾಲೆಯಿಂದಲೂ ಅದೇ ಮಾತಂತೆ. ಒಬ್ಬನಾದರೂ ಪರವಾಗಿಲ್ಲ ಅಂದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಪಕ್ಕದ ಅಂಗಡಿಯವರು, ಎದುರು ಹೋಟೆಲಿನವರು, ಎಲ್ಲರ ಮುಂದೆ ಹೇಳಿದರು. ನಾನು ತಲೆ ತಗ್ಗಿಸಿ ನಿಂತೆ. ಅಪ್ಪನ ಫೋಟೋ ನನ್ನ ಬೆನ್ನ ಹಿಂದೆ ಇತ್ತು, ಅದೊಂದು ಪುಣ್ಯ.

ನಿನ್ನ ಬೋಳು ಸಾಫ್ಟ್‌ವೇರಿನ ಗೆರೆ ಮಟ್ಟಸವಾಗಿತ್ತಲ್ಲ, ಈಗ ಬಂದು ಆ ಗೆರೆಯನ್ನು ಮೇಷ್ಟ್ರಿಗೆ ಕೇಳಿಸು. ಹದಿನಾಲ್ಕೂವರೆ ಅಂದೆ, ಹದಿನಾಲ್ಕೂವರೆ ಕೊಯ್ದೆ. ಕೂದಲು ಹೆಚ್ಚಿಲ್ಲ, ಕೂದಲು ಕಡಿಮೆ ಇಲ್ಲ. ಕೈಯಿಂದ ತಪ್ಪಾಗಿದ್ದರೆ ಹೇಳು, ಕೈ ಕತ್ತರಿಸಿಕೊಳ್ಳುತ್ತೇನೆ. ಅರವತ್ತು ಜನಕ್ಕೆ ಇದನ್ನೇ ಕಲಿಸುತ್ತಿದ್ದೀಯ ಅಂದರೆ ಆ ಮಕ್ಕಳ ಗತಿ ಏನು?

ಮೇಷ್ಟ್ರು ಸೆಪ್ಟೆಂಬರ್ ಕಡೆಯವರೆಗೆ ಕಾಯುತ್ತೇನೆ ಅಂದಿದ್ದಾರೆ. ಅಷ್ಟರಲ್ಲಿ ಸರಿಯಾಗದಿದ್ದರೆ ಎಲ್ಲ ವಾಪಸ್ಸು. ಆಮೇಲೆ ಬೋರ್ಡು ಇಳಿಸುವುದು ನನ್ನ ಕೆಲಸ. ನಿನಗೆ ಅದರ ಮೇಲೆ ಮೊದಲಿಂದಲೂ ಸಿಟ್ಟಿತ್ತು, ಸಂತೋಷ ಪಡು.

ಕನಕರಾಜ್


ಚಿತ್ರದುರ್ಗ
22 ಆಗಸ್ಟ್ 2025

ಅಣ್ಣ,

ಕಡೆಯ ಸಾಲನ್ನು ಓದಿ ಕಾಗದ ಹರಿದು ಹಾಕಬೇಕು ಅನ್ನಿಸಿತು. ಹರಿಯಲಿಲ್ಲ, ಮುಂದೆ ನಿನಗೇ ತೋರಿಸಲು ಇಟ್ಟುಕೊಂಡಿದ್ದೇನೆ. ನನ್ನ ಹೆಸರಿಲ್ಲದ ಬೋರ್ಡು ಉಳಿಯಲಿ ಅಂತ ನಾನು ರಜೆ ಹಾಕಿ ಬೆಂಚಿನ ಮುಂದೆ ಕುಳಿತಿದ್ದೆ. ಅದಕ್ಕೆ ಈ ಮಾತು.

ಎರಡು ದಿನ ಎಲ್ಲವನ್ನೂ ಮತ್ತೆ ಅಳೆದೆ. ಸ್ಪೀಕರಿನ ಅಂಕಿ ಸರಿ ಇದೆ. ಸಾಫ್ಟ್‌ವೇರ್ ಸರಿ ಇದೆ. ಅದೇ ಸ್ಪೀಕರನ್ನು ಒಂಬತ್ತು ಲೀಟರಿನ ಪೆಟ್ಟಿಗೆಯಲ್ಲಿಟ್ಟು, ಹದಿನಾಲ್ಕೂವರೆ ಪೈಪು ಹಾಕಿ ಇಲ್ಲಿನ ಮಕ್ಕಳ ಮುಂದೆ ನುಡಿಸಿದೆ. ಬೆಂಚು ನಡುಗಿತು. ಆದ್ದರಿಂದ ತಪ್ಪು ನಿನ್ನ ಕಡೆಯೇ ಇದೆ. ಏನು ಬಚ್ಚಿಡುತ್ತಿದ್ದೀಯ? ಪ್ಲೈವುಡ್ ಬದಲಾಯಿಸಿದೆಯಾ? ಸಂದು ಬಿಟ್ಟಿದ್ದೀಯಾ?

ಅದೆಲ್ಲ ಹಾಳಾಗಲಿ. ಒಂದು ಮಾಡಿ ಕೇಳು ಅಂತ ಬರೆದಿದ್ದೆ. ಇಪ್ಪತ್ತನಾಲ್ಕು ಪೆಟ್ಟಿಗೆ ನಿನ್ನ ಕೈಯಿಂದಲೇ ದಾಟಿ ಹೋದವು. ಒಂದನ್ನಾದರೂ ನುಡಿಸಿ ನೋಡಲಿಲ್ಲವೇ? ನುಡಿಸಿದ್ದರೆ ಮೇಷ್ಟ್ರಿಗೆ ಕೇಳಿಸಿದ್ದು ನಿನಗೆ ಯಾಕೆ ಕೇಳಿಸಲಿಲ್ಲ? ನಿನ್ನ ಕಿವಿಗೆ ಏನಾಗಿತ್ತು?

ಸುಳ್ಳು ಹೇಳದೆ ಉತ್ತರ ಬರೆ.

ದೇವಿಕಾ


ಹೊಸದುರ್ಗ
29 ಆಗಸ್ಟ್ 2025

ಮಗಳು ದೇವಿಕಾಗೆ ತಿಪ್ಪಮ್ಮ ಹೇಳಿ ಬರೆಸಿದ್ದು. ಬರೆದವಳು ಎದುರು ಮನೆ ಲತಾ, ಅಂಗನವಾಡಿ ಟೀಚರ್. ಅಮ್ಮ ಹೇಳಿದ ಹಾಗೇ ಬರೆದಿದ್ದೇನೆ ಅಕ್ಕ, ತಿದ್ದಿಲ್ಲ.

ನೀವಿಬ್ರೂ ಕಾಗ್ದ ಬರಕಂಬ್ತೀರಿ, ಬಸ್ಸು ತುಂಬ ಜಗಳ ಕಳಿಸ್ತೀರಿ. ನನ್ನ ಯಾರು ಕೇಳಿದ್ರು? ನಾನು ಹನ್ನೆರಡು ಅಂದೆ. ಅವ್ನು ಒಂಬತ್ತು ಅಂದ. ನೀನು ಓದ್ದೋಳು, ನೀನೂ ಅವ್ನ ಕಡಿಗೇ ಬಿದ್ದೆ. ವಯಸ್ಸಾತು ಅಂದ್ರಿ. ನಿಮ್ಮಪ್ಪನ ಮನೆಗೆ ಬಂದ ವರ್ಷದಿಂದ ರಾಗಿ ಅಳೀತೀನಿ. ಕಣದಾಗೆ ಅಳ್ದಿದೀನಿ, ಮದುವೆ ಮನೇಲಿ ಅಳ್ದಿದೀನಿ, ಕುರಿ ಹಟ್ಟಿಗೆ ಕೊಟ್ಟು ಕಳ್ಸಾಗ ಅಳ್ದಿದೀನಿ. ಒಂದು ಸೇರು ಹೆಚ್ಚಾತು ಕಮ್ಮಿ ಆತು ಅಂತ ಯಾರೂ ಅಂದಿಲ್ಲ. ಹೆತ್ತ ಮಕ್ಳು ಅಂದ್ರಿ. ಅದು ನಂಗೆ ಹೊಟ್ಟೆ ಉರೀತೈತೆ, ಬರಿ ಲತಾ, ಹೊಟ್ಟೆ ಉರೀತೈತೆ ಅಂತ ಬರಿ.

ಅವತ್ತು ಏನಾತು ಕೇಳು. ನಾನು ಮೊದಲ್ನೇ ಸೇರು ಸುರ್ದು, ಕಣ್ಣಿಗೆ ಒತ್ಕಂಡು, "ಲಾಭ" ಅಂದೆ. ಒಂದು ಅನ್ನಕಾಗಲ್ಲ ನಮ್ಮಲ್ಲಿ, ನಿಂಗೆ ಗೊತ್ತೈತೆ. ತಿರುಗಿ ನೋಡಿದೆ, ಅವ್ನು ಗೆರೆ ಹಾಕ್ಲಿಲ್ಲ, ಪೈಪು ಉಜ್ತಾ ಕುಂತಿದ್ದ. ಹಾಕ್ತಾನೆ ಬಿಡು ಅಂದ್ಕಂಡು ಎರಡು ಅಂದೆ, ಅವಾಗ ನನ್ ಕಡಿಗೆ ಮುಖ ಇತ್ತು, ಗೆರೆ ಹಾಕ್ದ. ಆಮ್ಯಾಕೆ ರಾಗಿ ದೂಳು ಅಂತ ಬಾಯಿಗೆ ಸೆರಗು ಹಿಡ್ದೆ, ಐದು ಆರು ಸೆರಗಿನಾಗೇ ಅಂದೆ. ಆ ಎರಡಕ್ಕೂ ಗೆರೆ ಇಲ್ಲ.

ಅವ್ನಿಗೆ ಕೇಳ್ಸಲ್ಲ ದೇವಿ. ಅವ್ನು ನನ್ನ ಬಾಯಿ ನೋಡ್ತಾನೆ. ಬಾಯಿ ಕಂಡ್ರೆ ಮಾತು ತಿಳೀತೈತೆ, ಕಾಣ್ದಿದ್ರೆ ಇಲ್ಲ. ಎರಡು ವರ್ಷಾತು. ಮೂವತ್ತು ವರ್ಷ ಆ ಹಾರ್ನ್ ಸ್ಪೀಕರ್ ಮುಂದೆ ನಿಂತ್ಕಂಡು ಹಲೋ ಮೈಕ್ ಟೆಸ್ಟಿಂಗ್ ಅಂದ್ರೆ ಇನ್ನೇನಾಗ್ತೈತೆ. ಹಿಂದಿಂದ ಕೂಗಿದ್ರೆ ತಿರುಗಲ್ಲ. ಅಂಗಡಿ ಮುಂದೆ ಗಿರಾಕಿ ನಿಂತು ನಿಂತು ಹೋಗ್ತಾರೆ, ಕನಕಣ್ಣಂಗೆ ಸೊಕ್ಕು ಬಂದೈತೆ ಅಂತಾರೆ. ಸೊಕ್ಕು ಅನ್ನಿಸ್ಕಂಬ್ತಾನೆ, ಕಿವುಡ ಅನ್ನಿಸ್ಕಣಲ್ಲ. ಪೆಟ್ಟಿಗೆ ಮಾಡೋನಿಗೆ ಕಿವಿ ಇಲ್ಲ ಅಂತ ಊರಿಗೆ ತಿಳಿದ್ರೆ ಬೋರ್ಡು ಹೋದಂಗೆ ಅಂತ ನನ್ ಕೈಲಿ ಆಣೆ ಹಾಕಿಸ್ಕಂಡಿದ್ದ. ಅದ್ಕೇ ಸುಮ್ನಿದ್ದೆ. ನಿಂಗೆ ಫೋನ್ ಮಾಡ್ಬೇಡ ಅಂತಾನಲ್ಲ, ಅದೂ ಇದ್ಕೇ.

ನಿನ್ ಕಾಗ್ದ ಬಂತು. "ನಿನ್ನ ಕಿವಿಗೆ ಏನಾಗಿತ್ತು" ಅಂತ ಬರ್ದಿದ್ದೆಯಂತೆ, ಲತಾ ಆಮ್ಯಾಕೆ ಓದಿ ಹೇಳಿದ್ಲು. ಅವ್ನು ಅದನ್ನ ಓದಿ ಮಡಿಚಿ ಅಪ್ಪನ ಫೋಟೋ ಹಿಂದೆ ಇಟ್ಟ. ಅವತ್ತಿಂದ ಅಂಗಡಿ ಬಾಗ್ಲು ತೆಗ್ದಿಲ್ಲ. ಆಣೆ ಮುರ್ದಿದೀನಿ. ಪಾಪ ಬಂದ್ರೆ ನಂಗೆ ಬರ್ಲಿ. ಹನ್ನೆರಡು ಹಾಕು ನಿನ್ನ ಕಂಪ್ಯೂಟ್ರಿಗೆ.

ತಿಪ್ಪಮ್ಮ, ಹೆಬ್ಬೆಟ್ಟು


ಚಿತ್ರದುರ್ಗ
1 ಸೆಪ್ಟೆಂಬರ್ 2025

ಅಣ್ಣ,

ಅವ್ವ ಬರೆಸಿದ್ದಾಳೆ. ಅವಳ ಮೇಲೆ ಕೂಗಾಡಿದರೆ ನಾನು ಬಂದು ನಿನ್ನ ಮೇಲೆ ಕೂಗಾಡುತ್ತೇನೆ, ನಿನಗೆ ಕೇಳಿಸುವ ಹಾಗೆ.

ಹನ್ನೆರಡು ಹಾಕಿದೆ. ಪೈಪು ಹತ್ತು ಸೆಂಟಿಮೀಟರ್ ಸಾಕು ಅಂತ ಬಂತು. ಪೆಟ್ಟಿಗೆಯಲ್ಲಿ ಬೇರೇನೂ ಕೆಟ್ಟಿಲ್ಲ. ನಿನ್ನ ಹಲಗೆ ಸರಿ, ಸಂದು ಸರಿ, ಕೈ ಸರಿ. ಮೂರು ಗೆರೆ ಬಿಟ್ಟುಹೋದದ್ದಕ್ಕೆ ಪೈಪು ನಾಲ್ಕೂವರೆ ಸೆಂಟಿಮೀಟರ್ ಉದ್ದವಾಯಿತು, ಬೇಸ್ ಯಾರಿಗೂ ಕೇಳಿಸದ ಕಡೆ ಇಳಿದು ಹೋಯಿತು. ಇಪ್ಪತ್ತನಾಲ್ಕು ಪೆಟ್ಟಿಗೆಯ ಪೈಪು ಬಿಚ್ಚಿ ನಾಲ್ಕೂವರೆ ಕತ್ತರಿಸು. ಹತ್ತು ದಿನದ ಕೆಲಸ.

ನನಗೆ ಉರಿಯುತ್ತಿರುವುದು ಬೇರೆಯದಕ್ಕೆ. ಎರಡು ವರ್ಷ. ನಾನು ದಿನ ಬೆಳಗಾದರೆ ಇಪ್ಪತ್ತು ಜನರ ಕೈಗೆ ಸದ್ದು ಅಳೆಯುವ ಯಂತ್ರ ಕೊಡುವವಳು, ನನ್ನ ಅಣ್ಣನಿಗೆ ಕೇಳಿಸುವುದಿಲ್ಲ ಅಂತ ನನಗೆ ಎದುರು ಮನೆಯ ಲತಾಳ ಅಕ್ಷರದಲ್ಲಿ ತಿಳಿಯಬೇಕಾಯಿತು. ಬೋರ್ಡಿನಲ್ಲೂ ನಾನಿಲ್ಲ, ಕಷ್ಟದಲ್ಲೂ ನಾನಿಲ್ಲ. ಹಾಗಾದರೆ ನಾನು ಯಾರು ಆ ಮನೆಗೆ?

ಸಿಟ್ಟು ನನ್ನ ಮೇಲೂ ಇದೆ. ಹನ್ನೆರಡು ಅಂತ ಅವ್ವ ಹೇಳಿದ್ದನ್ನು ನೀನೇ ಬರೆದಿದ್ದೆ. ಎರಡು ಅಂಕಿ ಬಂದರೆ ಮತ್ತೊಮ್ಮೆ ಅಳೆಯಿರಿ ಅಂತ ಮಕ್ಕಳಿಗೆ ಬಾಯಿ ನೋಯುವಷ್ಟು ಹೇಳುವವಳು, ಎಪ್ಪತ್ತಾರು ವರ್ಷದ ಹೆಂಗಸಿನ ಅಂಕಿಯನ್ನು ಕಣ್ಣುಮುಚ್ಚಿ ಬದಿಗಿಟ್ಟೆ. ಅವಳ ಕಾಲು ಹಿಡಿಯಲು ದಸರಾ ರಜೆಗೆ ಬರುತ್ತೇನೆ.

ಕಿವಿಯ ಬಗ್ಗೆ ಕಡೆಯ ಮಾತು. ಕೇಳದಿದ್ದರೂ ಪೆಟ್ಟಿಗೆ ಮಾಡಬಹುದು. ಆ ಸಾಫ್ಟ್‌ವೇರಿಗೆ ಜೋಡಿಸಲು ಈ ಸಲ ಒಂದು ಅಳತೆಯ ಮೈಕು ಕಳಿಸಿದ್ದೇನೆ. ಪೆಟ್ಟಿಗೆ ನುಡಿಸಿ ಮೈಕು ಹಿಡಿದರೆ ನಿಜವಾದ ಸದ್ದು ಇನ್ನೊಂದು ಗೆರೆಯಾಗಿ ಬರುತ್ತದೆ. ಲೆಕ್ಕದ ಗೆರೆ, ನಿಜದ ಗೆರೆ, ಎರಡೂ ಒಂದರ ಮೇಲೊಂದು ಕೂತರೆ ಪೆಟ್ಟಿಗೆ ಸರಿ. ಕಣ್ಣಿದ್ದರೆ ಸಾಕು.

ನಿನ್ನ ತಂಗಿ,
ದೇವಿಕಾ


ಹೊಸದುರ್ಗ
19 ಸೆಪ್ಟೆಂಬರ್ 2025

ದೇವಿ,

ಇಷ್ಟು ದಿನ ಬರೆಯಲಿಲ್ಲ. ಪೈಪು ಕತ್ತರಿಸುತ್ತಿದ್ದೆ. ಸಿಟ್ಟು ಇಳಿದಿದೆ ಅಂತ ತಿಳಿಯಬೇಡ.

ಮೊದಲನೆಯದಾಗಿ, ಬಂದಾಗ ಕಿವಿ ಡಾಕ್ಟರ ಮಾತು ಎತ್ತಬೇಡ. ನಾನೇ ಹೋಗಿ ಬಂದೆ. ದುರ್ಗಕ್ಕೇ ಬಂದಿದ್ದೆ, ನಿನ್ನ ಬೀದಿಯ ಕೊನೆಯಲ್ಲೇ ಇಳಿದೆ, ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದೆ. ಆ ಡಾಕ್ಟರು ನನ್ನ ಮುಖಕ್ಕೆ ಮುಖ ಕೊಟ್ಟು ಊರಿಗೆಲ್ಲ ಕೇಳುವ ಹಾಗೆ "ನಿಮಗೆ ಕೇಳಿಸೋದಿಲ್ಲ" ಅಂತ ಕೂಗಿದ. ಅದನ್ನು ಹೇಳುವುದಕ್ಕೆ ಅಷ್ಟು ಓದಬೇಕಿತ್ತೇ? ಒಂದು ಮೆಷಿನ್ ಕೊಟ್ಟಿದ್ದಾನೆ. ಕಿವಿಗೆ ಹಾಕಿದರೆ ಕುಯ್ಯೋ ಅನ್ನುತ್ತದೆ. ಇಷ್ಟು ಕೆಟ್ಟ ಮೈಕ್ ಸೆಟ್ ನಾನು ಜೀವಮಾನದಲ್ಲಿ ನೋಡಿಲ್ಲ. ನೀನು ಬಿಚ್ಚಿ ನೋಡು.

ಎರಡನೆಯದು ಅವ್ವನ ವಿಷಯ. ಪೈಪು ಕತ್ತರಿಸುವ ಮೊದಲು ಪೆಟ್ಟಿಗೆಯನ್ನು ಮತ್ತೆ ಅಳೆದೆವು. ಅವಳು ಕೂಗಲಿಲ್ಲ. ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಸೇರಿಗೊಂದು ಏಟಿನ ಹಾಗೆ ನನ್ನ ತೊಡೆಗೆ ಹೊಡೆದಳು. ಎಣಿಸುವುದಕ್ಕೆ ಅಷ್ಟು ಜೋರು ಬೇಕಿರಲಿಲ್ಲ, ಜೂನ್ ತಿಂಗಳಿಂದ ಉಳಿಸಿಕೊಂಡಿದ್ದೆಲ್ಲ ಕೊಟ್ಟಳು. ಹನ್ನೆರಡು ಏಟು. "ಎಷ್ಟಾತಪ್ಪ?" ಅಂದಳು. ಹನ್ನೆರಡು ಅಂದೆ. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದಳು, ನನಗೂ ಒಂದು ಲೋಟ.

ಮೂರನೆಯದು ಮೋಹನ್‌ಕುಮಾರ್. ಅವನಿಗೆ ಹೇಗೋ ವಿಷಯ ತಿಳಿದು ಅಂಗಡಿಗೆ ಬಂದಿದ್ದ. "ಕನಕಣ್ಣ, ಕಿವಿ ಹೋದ್ಮೇಲೆ ಈ ಕೆಲ್ಸ ಯಾಕೆ, ನಮ್ಮಲ್ಲಿಗೆ ಬಾ" ಅಂದ. ಬಾಯಿ ಕಾಣುವ ಹಾಗೆ ನಿಂತು ಹೇಳಿದ್ದರಿಂದ ಪೂರ್ತಿ ತಿಳಿಯಿತು. ಲ್ಯಾಪ್‌ಟಾಪು ತೆರೆದು ಎರಡು ಗೆರೆ ತೋರಿಸಿದೆ, ಲೆಕ್ಕದ್ದು, ನಿಜದ್ದು. ಒಂದರ ಮೇಲೊಂದು ಕೂತಿವೆ, ನಡುವೆ ಕೂದಲು ಹೋಗುವಷ್ಟು ಜಾಗ ಇಲ್ಲ. "ನಿನ್ನ ಬಣ್ಣದ ಚಿತ್ರದಾಗೆ ಇದನ್ನ ತೋರ್ಸಪ್ಪ" ಅಂದೆ. ಎದ್ದು ಹೋದ. ಸಾಫ್ಟ್‌ವೇರ್ ನೀನು ಹೇಳಿದ್ದೇ ಇರಲಿ. ಅದು ಕೂಗುವುದಿಲ್ಲ, ನಾನು ಹೂಂ ಅನ್ನಬೇಕಾಗಿಲ್ಲ.

ಬೋರ್ಡು ಇಳಿಸಿದೆ. ಹೆದರಬೇಡ, ಬಣ್ಣ ಬಳಿದು ಮತ್ತೆ ಏರಿಸಿದೆ. ಓಬಣ್ಣ ಮತ್ತು ಮಕ್ಕಳು ಅಂತ ಬರೆಸಿದ್ದೇನೆ. ನೀನು ಕೇಳಿದ್ದಕ್ಕಲ್ಲ. ಪೈಪಿನ ಉದ್ದ ಹೇಳಿದವಳನ್ನು ಬಿಟ್ಟರೆ ಅದು ಸುಳ್ಳು ಬೋರ್ಡಾಗುತ್ತದೆ. ಬರೆದವನು ಮಕ್ಕಳು ಅನ್ನುವಲ್ಲಿ ಒತ್ತಕ್ಷರವನ್ನು ಸೊಟ್ಟ ಮಾಡಿದ್ದಾನೆ, ರಜೆಗೆ ಬಂದಾಗ ಅವನ ಜೊತೆ ಜಗಳ ಆಡು, ನನಗೆ ಅವನ ಉತ್ತರ ಕೇಳಿಸುವುದಿಲ್ಲ.

ನಿನ್ನೆ ಮಾಡದಕೆರೆಯ ಶಾಲೆಯಲ್ಲಿ ಮೊದಲ ಪೆಟ್ಟಿಗೆ ಕೂರಿಸಿದೆವು. ಮೇಷ್ಟ್ರು ಬಂದಿದ್ದರು. ಮಕ್ಕಳು ಡೊಳ್ಳು ಬಾರಿಸಿದರು, ಮೇಷ್ಟ್ರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಅದಾದ ಮೇಲೆ ಅವ್ವ ಮೈಕು ಕೇಳಿದಳು. ನನ್ನ ಕಿವಿಯ ಮೆಷಿನ್ ಕುಯ್ಗುಟ್ಟುತ್ತಿತ್ತು, ತೆಗೆದು ಜೇಬಿಗೆ ಹಾಕಿಕೊಂಡಿದ್ದೆ. ನಾನು ಬೆಂಚು ಹತ್ತಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತೆ. ಅವ್ವ ನನಗೆ ಬೆನ್ನು ತಿರುಗಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈಕಿಗೆ ಏನೋ ಅಂದಳು. ಬೇಕೆಂದೇ ಹಾಗೆ ಮಾಡಿದಳು. ಹಲಗೆ ನನ್ನ ಅಂಗೈಯಲ್ಲಿ ಒಂದು ಸಲ ಅದುರಿತು.

ನಾನು ಜೇಬಿನಿಂದ ಪೆನ್ಸಿಲ್ ತೆಗೆದು ಅವತ್ತು ಬಿಟ್ಟುಹೋಗಿದ್ದ ಮೊದಲನೇ ಗೆರೆಯನ್ನು ಗೋಡೆಯ ಮೇಲೆ ಹಾಕಿದೆ.

ನಿನ್ನ ಅಣ್ಣ,
ಕನಕರಾಜ್